ನ್ಯೂಕ್ಲಿಯರ್ ಥ್ರೋನ್: ಮೂರನೇ ಲೋಕ ದಾಟಲು ಆಗುತ್ತಿಲ್ಲ, ನನ್ನ ಕೈ ನಿಧಾನವಾ?

ರಾತ್ರಿಪಾಳಿ:

ನ್ಯೂಕ್ಲಿಯರ್ ಥ್ರೋನ್ ಆಡುವವರು ಇಲ್ಲಿ ಯಾರಾದರೂ ಇದ್ದೀರಾ? ವ್ಲಾಂಬೀರ್‌ನವರು 2015ರಲ್ಲಿ ಪೂರ್ತಿ ಬಿಡುಗಡೆ ಮಾಡಿದ ಗೇಮ್. ನಾನು ತಡವಾಗಿ, ಹೋದ ತಿಂಗಳು ಶುರು ಮಾಡಿದೆ. ದಿನಾ ರಾತ್ರಿ ಸುಮಾರು ಒಂದು ಗಂಟೆ ಆಡುತ್ತೇನೆ. ಇಷ್ಟು ದಿನದಲ್ಲಿ ಒಂದು ಸಲವೂ ಮೂರನೇ ಲೋಕ ದಾಟಿಲ್ಲ.

ಮರಳುಗಾಡು ಈಗ ಕಷ್ಟವಿಲ್ಲ. ಅಲ್ಲಿನ ದೊಡ್ಡ ಶತ್ರು ಬಿಗ್ ಬ್ಯಾಂಡಿಟ್ ಎದುರು ಬಂದರೂ ಸಾಮಾನ್ಯವಾಗಿ ಗೆಲ್ಲುತ್ತೇನೆ. ಚರಂಡಿಯದು ಒಂದೇ ಲೆವೆಲ್, ಅದೂ ಮುಗಿಯುತ್ತದೆ. ಆಮೇಲೆ ಮೂರನೇ ಲೋಕವಾಗಿ ಬರುತ್ತದಲ್ಲ ಆ ಗುಜರಿ ಅಂಗಳ, ಅಲ್ಲಿ ಎಲ್ಲ ಕೈತಪ್ಪಿ ಹೋಗುತ್ತದೆ. ಕಾಗೆಗಳು ಹಾರಿ ಬಂದು ಪಕ್ಕದಲ್ಲೇ ಇಳಿಯುತ್ತವೆ. ದೂರದಿಂದ ಸ್ನೈಪರ್‌ನ ಕೆಂಪು ಗೆರೆ ಬೀಳುತ್ತದೆ. ನಾನೇ ಹೊಡೆದ ಗುಂಡು ತಾಗಿ ಪಕ್ಕದ ಕಾರು ಸಿಡಿಯುತ್ತದೆ. ಸತ್ತ ಮೇಲೂ ಯಾಕೆ ಸತ್ತೆ ಎಂದು ಹೇಳಲು ಆಗುವುದಿಲ್ಲ.

ಆಡುವುದು ಫಿಶ್ ಪಾತ್ರದಲ್ಲಿ, ಕಂಟ್ರೋಲರ್ ಹಿಡಿದು. ಮೌಸ್ ಇಲ್ಲದೆ ಇಂಥ ಗೇಮ್ ಆಗುವುದೇ ಇಲ್ಲವಾ? ಸ್ಕ್ರೀನ್ ಅಲುಗಾಡುವುದನ್ನು ಪೂರ್ತಿ ನಿಲ್ಲಿಸಬೇಕಾ? ಇವೆರಡಕ್ಕಿಂತ ದೊಡ್ಡ ಅನುಮಾನ ಇನ್ನೊಂದಿದೆ. ನನಗೆ 41 ವರ್ಷ. ಮೇಲಿನಿಂದ ಕಾಣುವ ಈ ಥರದ ಶೂಟರ್‌ಗೆ ಬೇಕಾದ ವೇಗ ನನ್ನ ಕೈಯಲ್ಲಿ ಇಲ್ಲವೇನೋ ಅನ್ನಿಸುತ್ತಿದೆ. ಗೇಮ್ ತುಂಬಾ ಇಷ್ಟವಾಗಿದೆ, ಬಿಡಲು ಮನಸ್ಸಿಲ್ಲ. ಆಡಿ ಪಳಗಿದವರು ಹೇಳಿ.

ಮೌಸ್‌ಪ್ರಿಯ:

ಮೌಸ್ ಹಿಡಿಯಿರಿ. ಗುರಿ ಬೇಗ ಸಿಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಕರ್ಸರ್ ಆಚೆ ಒಯ್ದರೆ ಕ್ಯಾಮೆರಾ ಕೂಡ ಆ ಕಡೆ ಸ್ವಲ್ಪ ಸರಿಯುತ್ತದೆ. ಗುಜರಿ ಅಂಗಳದಲ್ಲಿ ಆ ನಾಲ್ಕು ಹೆಜ್ಜೆ ಮುಂದಿನ ನೋಟಕ್ಕೆ ಬೆಲೆ ಜಾಸ್ತಿ. ಸ್ನೈಪರ್ ನಿಮ್ಮನ್ನು ನೋಡುವ ಮೊದಲೇ ನೀವು ಅವನನ್ನು ನೋಡಿರುತ್ತೀರಿ.

ಅಲುಗಾಟ ಪೂರ್ತಿ ನಿಲ್ಲಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಅರ್ಧಕ್ಕೆ ಇಳಿಸಿ. ಬಂದೂಕಿನ ತೂಕ ಕೈಗೆ ತಿಳಿಯುವುದೇ ಆ ಅಲುಗಾಟದಿಂದ. ಅದನ್ನು ತೆಗೆದು ಆಡಿ ನೋಡಿದ್ದೇನೆ, ಗೇಮ್ ಸಪ್ಪೆಯಾಗುತ್ತದೆ.

ನೀಲಿವಜ್ರ:

ರಾತ್ರಿಪಾಳಿ ಅವರೇ, ನಿಮ್ಮ ಕೈ ನಿಧಾನವಿಲ್ಲ. ಬಿಗ್ ಬ್ಯಾಂಡಿಟ್ ನುಗ್ಗಿ ಬರುವಾಗ ತಪ್ಪಿಸಿಕೊಳ್ಳುವ ಕೈ ನಿಧಾನದ ಕೈಯಲ್ಲ. ಕಣ್ಣು ಎಲ್ಲಿದೆ ಅನ್ನುವುದೇ ಪ್ರಶ್ನೆ. ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ.

ನಾನು ಈ ಜಾತಿಯ ಗೇಮ್‌ಗಳಿಗೆ ಬಂದಿದ್ದು ಜಿಯೋಮೆಟ್ರಿ ವಾರ್ಸ್ ಮೂಲಕ. 2008ರಲ್ಲಿ ಬಂದ ರೆಟ್ರೋ ಇವಾಲ್ವ್ಡ್ 2ರಲ್ಲಿ ಪ್ಯಾಸಿಫಿಸಂ ಅಂತ ಒಂದು ಮೋಡ್ ಇದೆ. ಅದರಲ್ಲಿ ನಿಮಗೆ ಬಂದೂಕೇ ಇಲ್ಲ. ನೀಲಿ ವಜ್ರದ ಆಕಾರಗಳು ಹಿಂಡು ಹಿಂಡಾಗಿ ಬೆನ್ನಟ್ಟುತ್ತವೆ. ಅಲ್ಲಲ್ಲಿ ಗೇಟ್‌ಗಳು ತೇಲುತ್ತಿರುತ್ತವೆ. ಗೇಟಿನ ನಡುವೆ ನುಗ್ಗಿದರೆ ಅದು ಸಿಡಿದು ಹತ್ತಿರದ ವಜ್ರಗಳೆಲ್ಲ ಹೋಗುತ್ತವೆ. ಗೇಟಿನ ತುದಿ ತಾಗಿದರೆ ನೀವೇ ಸಾಯುತ್ತೀರಿ. ಇರುವುದು ಒಂದೇ ಜೀವ.

ಹತ್ತು ಹದಿನೈದು ದಿನ ನಾನು ಅದರಲ್ಲಿ ಒಂದು ನಿಮಿಷ ಕೂಡ ಉಳಿಯಲಿಲ್ಲ. ಅಕ್ಕ ಹಿಂದೆ ಕೂತು ಏನೋ ಓದುತ್ತಿದ್ದಳು. ಅವಳು ಗೇಮ್ ಆಡುವವಳೇ ಅಲ್ಲ. ಒಂದು ದಿನ ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಹಿಂದೆ ಇರೋದನ್ನೇ ಯಾಕೋ ನೋಡ್ತೀಯ? ಅದು ಹೇಗಿದ್ರೂ ನಿನ್ನ ಹಿಂದೇನೇ ಬರುತ್ತಲ್ವಾ?" ಅಂದಳು.

ನನಗೆ ಅದು ಥಟ್ಟನೆ ತಾಗಿತು. ನಿಜಕ್ಕೂ ನನ್ನ ಕಣ್ಣು ಪೂರ್ತಿ ಹಿಂಡಿನ ಮೇಲಿತ್ತು. ಮುಂದಿನ ಗೇಟ್ ಎಲ್ಲಿದೆ ಎಂದು ಹುಡುಕುತ್ತಿದ್ದದ್ದು ಈ ಗೇಟ್ ದಾಟಿದ ಮೇಲೆ. ಅವತ್ತಿನಿಂದ ವಜ್ರಗಳನ್ನು ಕಣ್ಣಂಚಿನಲ್ಲಿ ಇಟ್ಟುಕೊಂಡೆ. ನೇರ ನೋಟವನ್ನು ಖಾಲಿ ಜಾಗಕ್ಕೆ ಕೊಟ್ಟೆ. ಈ ಗೇಟಿಗೆ ನುಗ್ಗುವ ಮೊದಲೇ ಇದಾದ ಮೇಲೆ ಯಾವುದು ಅಂತ ಗೊತ್ತಿರಬೇಕು. ಅದೇ ವಾರ ಮೂರು ನಿಮಿಷ ದಾಟಿದೆ. ಬೆರಳು ಒಂದು ಚೂರೂ ವೇಗವಾಗಿರಲಿಲ್ಲ.

ಈಗ ನಿಮ್ಮ ಗುಜರಿ ಅಂಗಳಕ್ಕೆ ಬರೋಣ. ಲೆವೆಲ್ ಶುರುವಾದ ಕೂಡಲೇ ಓಡಬೇಡಿ. ಸುಮ್ನೆ ಎರಡು ಉಸಿರು ನಿಲ್ಲಿ. ಯಾವ ಗೋಡೆ ಬೆನ್ನಿಗೆ ಸಿಗುತ್ತದೆ, ಯಾವ ಕಾರು ಹತ್ತಿರವಿದೆ ನೋಡಿಕೊಳ್ಳಿ. ಹತ್ತಿರದ ಕಾರು ಗೆಳೆಯನಲ್ಲ. ದೂರದಲ್ಲಿದ್ದಾಗಲೇ ಅದನ್ನು ನೀವೇ ಸಿಡಿಸಿ, ಇಲ್ಲವೇ ಅಲ್ಲಿಂದ ಸರಿಯಿರಿ. ಒಂದು ಜಾಗ ಖಾಲಿ ಮಾಡಿದ ಮೇಲೆ ಅದು ನಿಮ್ಮ ಆಸ್ತಿ. ಇಕ್ಕಟ್ಟಾದರೆ ಆ ಕಡೆಗೇ ಹಿಂದೆ ಬನ್ನಿ, ಇನ್ನೂ ನೋಡದ ಕಡೆ ಓಡಬೇಡಿ. ಫಿಶ್‌ನ ಉರುಳಾಟವನ್ನು ಮುಂದೆ ನುಗ್ಗಲು ಬಳಸುತ್ತಿದ್ದೀರಿ ಅನ್ನಿಸುತ್ತದೆ. ಅದನ್ನು ಗೋಡೆಯ ಮರೆಗೆ ಸೇರಲು ಇಟ್ಟುಕೊಳ್ಳಿ. ಕೆಂಪು ಗೆರೆ ಕಂಡಾಗ ಸ್ನೈಪರ್‌ಗೆ ಗುರಿ ಇಡುವ ಆಸೆ ಬರುತ್ತದೆ. ಬೇಡ, ಮೊದಲು ಗೆರೆಯಿಂದ ಹೊರಗೆ ಬನ್ನಿ.

ಇನ್ನೊಂದು, ಶತ್ರುಗಳು ಸತ್ತಾಗ ಬೀಳುವ ಹಸಿರು ರ್ಯಾಡ್‌ಗಳು. ಸ್ವಲ್ಪ ಹೊತ್ತಿಗೆ ಮಾಯವಾಗುತ್ತವೆ, ಹಾಗಾಗಿ ಎಲ್ಲರಿಗೂ ಆತುರ. ನಾನು ಸತ್ತ ಸಾವುಗಳಲ್ಲಿ ಅರ್ಧದಷ್ಟು ನಾಲ್ಕು ರ್ಯಾಡ್ ಹೆಕ್ಕಲು ಬಯಲಿಗೆ ಹೋದದ್ದಕ್ಕೆ. ಬಿಟ್ಟುಬಿಡಿ. ರ್ಯಾಡ್ ಸಾಕಷ್ಟು ಸೇರಿದಾಗ ಸಿಗುವ ಮ್ಯುಟೇಶನ್, ಅಂದರೆ ಹೊಸ ಶಕ್ತಿ, ಆರಿಸುವಾಗ ರೈನೋ ಸ್ಕಿನ್ ಬಂದರೆ ತೆಗೆದುಕೊಳ್ಳಿ, ಹೆಲ್ತ್ 4 ಜಾಸ್ತಿಯಾಗುತ್ತದೆ. ಯೂಫೋರಿಯಾ ಬಂದರೂ ಬಿಡಬೇಡಿ. ಶತ್ರುಗಳ ಗುಂಡು ನಿಧಾನವಾದರೆ ಜಾಗ ನೋಡಲು ಸಮಯ ಸಿಗುತ್ತದೆ.

ಮೌಸ್ ವಿಷಯದಲ್ಲಿ ಮೌಸ್‌ಪ್ರಿಯ ಹೇಳಿದ್ದು ತಪ್ಪಲ್ಲ. ಆದರೆ ಕೈಗೆ ಒಗ್ಗಿದ ಕಂಟ್ರೋಲರ್ ಬಿಟ್ಟು ಹೊಸದಾಗಿ ಕಲಿಯುವ ಮೊದಲು ಒಂದು ವಾರ ಕಣ್ಣು ಬದಲಿಸಿ ನೋಡಿ. ಜಿಯೋಮೆಟ್ರಿ ವಾರ್ಸ್ 3ರಲ್ಲೂ ಪ್ಯಾಸಿಫಿಸಂ ಇದೆ, ಅದು ಪಿಸಿಯಲ್ಲಿ ಸಿಗುತ್ತದೆ. ಥ್ರೋನ್ ಶುರು ಮಾಡುವ ಮೊದಲು ಅದನ್ನು ಹತ್ತು ನಿಮಿಷ ಆಡಿ.

ಹಳೇ ಆರ್ಕೇಡ್:

ನೀಲಿವಜ್ರ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಒಂದು ಜಾಯ್‌ಸ್ಟಿಕ್ ನಡೆಯಲು, ಇನ್ನೊಂದು ಜಾಯ್‌ಸ್ಟಿಕ್ ಹೊಡೆಯಲು ಅನ್ನುವ ಈ ಆಟವನ್ನು ಎಲ್ಲರಿಗೂ ಕಲಿಸಿದ್ದು 1982ರ ರೋಬೋಟ್ರಾನ್ 2084. ಯೂಜೀನ್ ಜಾರ್ವಿಸ್, ಲ್ಯಾರಿ ಡಿಮಾರ್ ಮಾಡಿದ್ದು. ಅದರಲ್ಲಿ ನೀವು ಪ್ರತಿ ಸಲ ಸ್ಕ್ರೀನಿನ ನಟ್ಟ ನಡುವೆ ಹುಟ್ಟುತ್ತೀರಿ, ಸುತ್ತಲೂ ರೋಬೋಟ್‌ಗಳು. ಅಲ್ಲೇ ನಿಂತು ಎಲ್ಲ ಕಡೆ ಹೊಡೆದರೆ ಕೆಲವೇ ಕ್ಷಣ ಅಷ್ಟೇ. ಗ್ರಂಟ್ ಅನ್ನುವ ಸಾಮಾನ್ಯ ರೋಬೋಟ್‌ಗಳು ಹೊತ್ತು ಹೋದಂತೆ ವೇಗವಾಗುತ್ತವೆ. ಒಂದು ದಿಕ್ಕು ಆರಿಸಿ, ಆ ಕಡೆ ದಾರಿ ಕೊರೆದು ಅಂಚಿಗೆ ಹೋಗಬೇಕು. ಆಗ ಹಿಂಡೆಲ್ಲ ಒಂದೇ ಕಡೆ ಆಗುತ್ತದೆ.

ಅದರಲ್ಲಿ ಹಲ್ಕ್ ಅಂತ ಒಂದಿದೆ, ಎಷ್ಟು ಹೊಡೆದರೂ ಸಾಯುವುದಿಲ್ಲ. ಗುಂಡು ತಾಗಿದರೆ ಸ್ವಲ್ಪ ಹಿಂದೆ ಸರಿಯುತ್ತದೆ ಅಷ್ಟೇ. ಹಾಗಾಗಿ ಅಲ್ಲಿ ಗುಂಡು ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಜಾಗ ಮಾಡಿಕೊಳ್ಳುವುದು ಕೂಡ. ನಾನು ಥ್ರೋನ್‌ನಲ್ಲೂ ಹಾಗೇ ಹೊಡೆಯುತ್ತೇನೆ. ಎಲ್ಲಿಗೆ ಹೋಗಬೇಕೋ ಆ ದಿಕ್ಕಿಗೆ ಮೊದಲ ಗುಂಡು. ವಯಸ್ಸಿನ ಚಿಂತೆ ಬಿಡಿ, ನಾನು ನಿಮಗಿಂತ ಒಂಬತ್ತು ವರ್ಷ ದೊಡ್ಡವನು.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ, ಸುಮ್ಮನೆ ಮಾತಿಗೆ ಹೇಳಬಾರದು ಅಂತ.

ಪ್ಯಾಸಿಫಿಸಂ ಮೊದಲ ಎರಡು ದಿನ ತುಂಬಾ ಕಷ್ಟವಾಯಿತು. ಕಣ್ಣು ಮತ್ತೆ ಮತ್ತೆ ವಜ್ರಗಳ ಕಡೆಗೇ ಹೋಗುತ್ತಿತ್ತು. ಮೂರನೇ ದಿನ ಎರಡು ಗೇಟ್ ಸಾಲಾಗಿ ಕಂಡವು. ಎರಡೂ ಒಟ್ಟಿಗೆ, ಮೊದಲನೆಯದಕ್ಕೆ ನುಗ್ಗುವ ಮುಂಚೆಯೇ ಕಂಡವು. ಆ ಕ್ಷಣದ ಖುಷಿ ಹೇಗೆ ಹೇಳಲಿ.

ಥ್ರೋನ್‌ನಲ್ಲಿ ಫಿಶ್ ಬಿಟ್ಟು ಕ್ರಿಸ್ಟಲ್ ಪಾತ್ರ ಹಿಡಿದೆ. ಹೆಲ್ತ್ 10 ಇದೆ, ಬಂದ ಗುಂಡನ್ನು ವಾಪಸ್ ಕಳಿಸುವ ಕವಚವೂ ಇದೆ. ಕಂಟ್ರೋಲರ್ ಬದಲಿಸಲಿಲ್ಲ. ಅಲುಗಾಟ ಅರ್ಧಕ್ಕೆ ಇಳಿಸಿದೆ, ಅದು ಸರಿಯಾಯಿತು. ನಿನ್ನೆ ರಾತ್ರಿ ಮೊದಲ ಸಲ ಗುಜರಿ ಅಂಗಳದ ಕೊನೆಯ ದೊಡ್ಡ ಶತ್ರು ಬಿಗ್ ಡಾಗ್ ಸತ್ತ! ಅದು ತಿರುಗುತ್ತಾ ಗುಂಡು ಉಗುಳುವಾಗ ನಾನು ಎದುರಾಗಿ ಓಡುತ್ತಿದ್ದೆ. ಈ ಸಲ ಗುಂಡುಗಳ ನಡುವಿನ ಸಂದು ನೋಡಿದೆ. ಆ ಸಂದು ಯಾವ ಕಡೆ ತಿರುಗುತ್ತದೋ ಅದರ ಜೊತೆಗೇ ನಡೆದೆ. ಕೊನೆಗೆ ಹೆಲ್ತ್ 2 ಉಳಿದಿತ್ತು.

ಮುಂದಿನ ಲೋಕ, ಹರಳಿನ ಗುಹೆಗೆ ಕಾಲಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ, ಲೇಸರ್ ಹರಳು ನನ್ನನ್ನು ಮುಗಿಸಿತು. ಅವುಗಳಿಗೆ ಏನು ಮಾಡುವುದು?

ನೀಲಿವಜ್ರ:

ಬಿಗ್ ಡಾಗ್ ಸುದ್ದಿ ಓದಿ ನನಗೇ ಗೆದ್ದಷ್ಟು ಖುಷಿಯಾಯಿತು. ಲೇಸರ್ ಹರಳು ಹೊಡೆಯುವ ಮೊದಲು ಶಕ್ತಿ ತುಂಬಿಕೊಳ್ಳುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಂಡ ಕೂಡಲೇ ಬಂದೂಕು ಮರೆತು ಗೋಡೆ ಮೂಲೆಯ ಆಚೆ ಹೋಗಿ. ಲೇಸರ್ ಮುಗಿದ ಮೇಲೆ ಇಣುಕಿ ಎರಡು ಗುಂಡು ಹೊಡೆದು ಮತ್ತೆ ಒಳಗೆ. ಒಂದೇ ಸಲಕ್ಕೆ ಎರಡು ಹರಳಿಗೆ ಕಾಣಿಸುವ ಜಾಗದಲ್ಲಿ ನಿಲ್ಲಬೇಡಿ. ಇವತ್ತು ರಾತ್ರಿ ಆಡಿದ ಮೇಲೆ ಎಲ್ಲಿವರೆಗೆ ಹೋದಿರಿ ಬರೆಯಿರಿ, ಕಾಯುತ್ತಿರುತ್ತೇನೆ.