ಸಹಾಯ ಬೇಕು: ಕೃಷ್ಣಕಮಲವನ್ನು ಪುಸ್ತಕದಲ್ಲಿ ಒಣಗಿಸಿಡೋದು ಹೇಗೆ?

ಚಿಕ್ಕಂದಿನಲ್ಲಿ ನನ್ನ ಹತ್ತಿರ ಇದ್ದ ಒಂದು ಕಥೆಪುಸ್ತಕದ ತುಂಬಾ ವಿಚಿತ್ರ ಹೂಗಳು. ಒಂದಕ್ಕಂತೂ ನಡುವೆ ನೇರಳೆ ಕೂದಲಿನ ಚಕ್ರ, ಅದರ ಮೇಲೊಂದು ಪುಟ್ಟ ಫ್ಯಾನು! ಚಿತ್ರ ಬರೆದವರ ಕಲ್ಪನೆ ಅಂತಲೇ ಇಷ್ಟು ವರ್ಷ ನಂಬಿದ್ದೆ. ಕಳೆದ ತಿಂಗಳು ನಾನೇ ಹಬ್ಬಿಸಿದ ಬಳ್ಳಿಯಲ್ಲಿ ಅದೇ ಹೂ ಅರಳಿ ನಿಂತಿತ್ತು. ಕೃಷ್ಣಕಮಲ. ಸುತ್ತಲಿನ ಎಳೆಗಳು ನೂರು ಕೌರವರು, ಐದು ಕೇಸರ ಪಾಂಡವರು, ಮೇಲಿನ ಮೂರು ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿಗಳು) ತ್ರಿಮೂರ್ತಿಗಳು ಅಂತಾರಲ್ಲ, ಅದೇ. (ಎಣಿಸಲು ಕೂತೆ, ಅರವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.)

ಹೂ ಇರೋದೇ ಒಂದು ದಿನ. ಆ ಹಳೇ ಪುಸ್ತಕದಲ್ಲಿ, ಅದೇ ಚಿತ್ರದ ಪಕ್ಕ ಒಣಗಿಸಿಡೋ ಆಸೆ. ಎರಡು ಸಲ ಕೆಟ್ಟಿತು. ದಳವೇನೋ ತೆಳ್ಳಗೆ ಒಣಗುತ್ತೆ, ನಡುವಿನ ದಪ್ಪ ಭಾಗ ಮಾತ್ರ ನೀರು ಬಿಟ್ಟು ಬೂಸು ಹಿಡಿಯುತ್ತೆ. ಕಾಗದಕ್ಕೆ ಕಂದು ಕಲೆ ಬೇರೆ. ಪುಣ್ಯಕ್ಕೆ ಪ್ರಯೋಗ ಮಾಡಿದ್ದು ಹಳೇ ಟೆಲಿಫೋನ್ ಡೈರೆಕ್ಟರಿಯಲ್ಲಿ.

ನಡುಭಾಗವನ್ನು ಹಿಂದಿನಿಂದ ಬ್ಲೇಡಿನಲ್ಲಿ ಕೊಯ್ದು ತೆಳ್ಳಗೆ ಮಾಡಬೇಕಾ? ತೇವ ಹೀರೋ ಸಿಲಿಕಾ ಜೆಲ್‌ನಲ್ಲಿ ಹೂತಿಟ್ಟರೆ ಎಳೆಗಳು ಮುರಿಯದೆ ಉಳಿಯುತ್ತಾ, ನೇರಳೆ ಬಣ್ಣ ಮಾಸಲ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಬಳ್ಳಿಯಲ್ಲಿ ಇನ್ನು ನಾಲ್ಕೇ ಮೊಗ್ಗು ಉಳಿದಿವೆ.