ಬ್ಯಾಕೆಂಡ್ ಕೆಲಸದಿಂದ ಕಂಪ್ಯೂಟರ್ ಸಂಗೀತಕ್ಕೆ: ಸಂಬಳ, ಸಂಶೋಧನೆ, ಸಂಯೋಜನೆ ಮೂರನ್ನೂ ಹೊಂದಿಸುವುದು ಹೇಗೆ?

ಜಂಟಿಸ್ವರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಜಾವಾ ಬ್ಯಾಕೆಂಡ್ ಕೆಲಸದಲ್ಲಿದ್ದೇನೆ. ಪಿಟೀಲಿನಲ್ಲಿ ಸೀನಿಯರ್ ಪರೀಕ್ಷೆ ಮುಗಿದಿದೆ, ಕೋಡ್ ಬರೆದು ನಾದ ಹುಟ್ಟಿಸುವ ಸೂಪರ್‌ಕೊಲೈಡರ್ ತಂತ್ರಾಂಶ ಅಲ್ಪಸ್ವಲ್ಪ ಬರುತ್ತದೆ. ಕಂಪ್ಯೂಟರ್ ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಕೋಡ್ ಬರೆದು ಸಂಬಳ, ಜೊತೆಗೆ ಸಂಶೋಧನೆ, ಸ್ವಂತ ಕೃತಿಗಳ ರಚನೆ, ಮೂರೂ ಒಬ್ಬರಿಗೇ ಸಾಧ್ಯವೇ? ಮೊದಲು ಸಿ++ ಕಲಿಯಲೇ, ಗಣಿತ ಕಲಿಯಲೇ? ವಿದೇಶದಲ್ಲಿ ಎಂ.ಎಸ್. ಮಾಡದಿದ್ದರೆ ಆಗುವುದಿಲ್ಲವೇ? ಗಮಕದ ಮೇಲೆ ಕೆಲಸ ಮಾಡುವ ಆಸೆ ಇದೆ.

ಬಫರ್64

ಖಂಡಿತ ಸಾಧ್ಯ, ಈ ಕ್ಷೇತ್ರ ಹುಟ್ಟಿದ್ದೇ ಅಂಥವರಿಂದ. 1957ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರಿನಿಂದ ನಾದ ಹೊರಡಿಸುವ ಪ್ರೋಗ್ರಾಂ ಬರೆದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಜಿನಿಯರ್. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಸಂಯೋಜಕರು. ಅವರು ಕಂಡುಹಿಡಿದ ಎಫ್‌ಎಂ ಸಿಂಥೆಸಿಸ್‌ಗೆ (ಒಂದು ಅಲೆಯಿಂದ ಇನ್ನೊಂದರ ಆವರ್ತನ ಬದಲಿಸಿ ನಾದ ಹುಟ್ಟಿಸುವ ವಿಧಾನ) ಪರವಾನಗಿ ಪಡೆದ ಯಮಾಹಾ 1983ರಲ್ಲಿ ಡಿಎಕ್ಸ್7 ಸಿಂಥಸೈಜರ್ ತಂದಿತು. ನಮ್ಮ ಊರಿನಲ್ಲೇ ರಾಡೆಲ್‌ನ ಜಿ. ರಾಜನಾರಾಯಣ್ ಕೊಳಲು ವಾದಕರೂ ಹೌದು, ಎಲೆಕ್ಟ್ರಾನಿಕ್ ತಂಬೂರಿ ಕಟ್ಟಿದ ಎಂಜಿನಿಯರೂ ಹೌದು.

ಕೆಲಸದ ಮಟ್ಟಿಗೆ ಸಿ++ ಮೊದಲು. ಆದರೆ ಭಾಷೆಗಿಂತ ದೊಡ್ಡ ಬದಲಾವಣೆ ಸಮಯದ ಲೆಕ್ಕದ್ದು. 48,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ನಾದದ ಅಳತೆಗಳು), 64 ಸ್ಯಾಂಪಲ್ ಬಫರ್ ಎಂದರೆ ಪ್ರತಿ ಕಾಲ್‌ಬ್ಯಾಕ್‌ಗೆ (ಮುಂದಿನ 64 ಸ್ಯಾಂಪಲ್ ಕೊಡಿ ಎಂದು ನಿಮ್ಮ ಕೋಡಿಗೆ ಬರುವ ಕರೆ) ನಿಮಗಿರುವುದು 1.33 ಮಿಲಿಸೆಕೆಂಡ್, ಸೆಕೆಂಡಿಗೆ 750 ಕಾಲ್‌ಬ್ಯಾಕ್. ಸರ್ವರ್‌ನಲ್ಲಿ ಶೇ. 99.9 ವಿನಂತಿಗಳು ಸಮಯಕ್ಕೆ ಮುಗಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅದೇ ಶೇ. 99.9ಕ್ಕೆ ಸುಮಾರು 1.3 ಸೆಕೆಂಡಿಗೊಮ್ಮೆ 'ಟಪ್' ಎಂದು ಕೇಳಿಸುತ್ತದೆ. ಹಾಗಾಗಿ ಸರಾಸರಿ ಮರೆತು, ಅತಿ ಕೆಟ್ಟ ಸಂದರ್ಭಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ. ಆಡಿಯೋ ಥ್ರೆಡ್‌ನಲ್ಲಿ (ನಾದ ಲೆಕ್ಕ ಹಾಕುವ ಕೋಡ್ ಓಡುವ ಎಳೆ) ಹೊಸದಾಗಿ ಮೆಮೊರಿ ಕೇಳಬಾರದು, ಲಾಕ್ ಹಿಡಿಯಬಾರದು, ಫೈಲ್ ಓದಬಾರದು, ಲಾಗ್ ಕೂಡ ಬರೆಯಬಾರದು. ಸ್ಕ್ರೀನ್‌ನಿಂದ ಬರುವ ಮೌಲ್ಯಗಳನ್ನು ಲಾಕ್ ಇಲ್ಲದ ರಿಂಗ್ ಬಫರ್ (ಸುತ್ತುವ ಸಾಲು) ಮೂಲಕ ದಾಟಿಸಿ. ಮೌಲ್ಯ ಒಮ್ಮೆಲೇ ಹಾರಿದರೆ ಕರಕರ ಶಬ್ದ ಬರುತ್ತದೆ, 10ರಿಂದ 20 ಮಿಲಿಸೆಕೆಂಡಿನಲ್ಲಿ ನಿಧಾನವಾಗಿ ಬದಲಿಸಿ.

ರಿವರ್ಬ್ (ಕೋಣೆಯ ಅನುರಣನದ ಪರಿಣಾಮ) ಬರೆದಾಗ ಇನ್ನೊಂದು ಕಾಟ ಇದೆ. ನಾದ ಅಡಗಿ ಮೌನ ಬಂದ ಮೇಲೆ ಪ್ರೊಸೆಸರ್ ಬಳಕೆ ಏರುತ್ತದೆ! ಸೊನ್ನೆಗೆ ತೀರಾ ಹತ್ತಿರದ ಡೀನಾರ್ಮಲ್ ಸಂಖ್ಯೆಗಳೇ ಕಾರಣ. ಅವನ್ನು ಸೊನ್ನೆಯಾಗಿಸುವ ಪ್ರೊಸೆಸರ್ ಫ್ಲ್ಯಾಗ್ (ಸೆಟ್ಟಿಂಗ್) ಹಾಕಿ. ಸಂದರ್ಶನಗಳಲ್ಲಿ ಇಂಥವನ್ನೇ ಕೆದಕುತ್ತಾರೆ. ಬೆಂಗಳೂರಿನಲ್ಲಿ ಹರ್ಮನ್, ಡಾಲ್ಬಿ ಮುಂತಾದ ಕಂಪನಿಗಳಿವೆ. ಸಂಗೀತ ತಂತ್ರಾಂಶ ಅಂತಲೇ ಕಾಯದೆ ಕಾರ್ ಆಡಿಯೋ, ಕೋಡೆಕ್ (ಆಡಿಯೋ ಸಂಕುಚನ), ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಸಂಸ್ಕರಣೆ) ಕೆಲಸಗಳಿಗೂ ಅರ್ಜಿ ಹಾಕಿ. ಕಲಿಯುವ ವಿದ್ಯೆ ಒಂದೇ.

ತ್ರಿಸ್ಥಾಯಿ

ಸಂಶೋಧನೆಯ ಬಗ್ಗೆ ನಾನು ಬರೆಯುತ್ತೇನೆ. ಪ್ರಬಂಧ ಕಳಿಸಲು ಎಂ.ಎಸ್. ಬೇಕಿಲ್ಲ. ಇಸ್ಮಿರ್ (ಕಂಪ್ಯೂಟರಿನಿಂದ ಸಂಗೀತವನ್ನು ವಿಶ್ಲೇಷಿಸುವ ಸಂಶೋಧಕರ) ಸಮ್ಮೇಳನದ ಪ್ರಬಂಧಗಳೆಲ್ಲ ಉಚಿತವಾಗಿ ಸಿಗುತ್ತವೆ, ಅಲ್ಲಿಂದಲೇ ಶುರುಮಾಡಿ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರಾ ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಸಂಗೀತದ ಡೇಟಾವನ್ನೂ ಸಾಧನಗಳನ್ನೂ ಉಳಿಸಿಹೋಗಿದೆ. ನಮ್ಮಲ್ಲಿ ಐಐಟಿ ಬಾಂಬೆಯ ಪ್ರೀತಿ ರಾವ್, ಐಐಟಿ ಮದ್ರಾಸಿನ ಹೇಮಾ ಮೂರ್ತಿ ಅವರ ತಂಡಗಳ ಪ್ರಬಂಧಗಳನ್ನು ಓದಲೇಬೇಕು. ಪೂರ್ಣಾವಧಿ ಸಂಶೋಧಕರಾಗಬೇಕೆಂದರೆ ಮಾತ್ರ ಪಿಎಚ್‌.ಡಿ. ತಪ್ಪಿಸಲಾಗದು, ಆಗ ಊರು ನೋಡಿ ಅಲ್ಲ, ಮಾರ್ಗದರ್ಶಕರನ್ನು ನೋಡಿ ಆರಿಸಿ.

ಗಮಕದಲ್ಲಿ ಎಲ್ಲರೂ ಎಡವುವ ಕೆಲವು ಜಾಗಗಳಿವೆ. ಸಿದ್ಧ ಕೋಡ್ ಲೈಬ್ರರಿಗಳು ಸ್ಥಾಯಿಯನ್ನು 12 ಮನೆಗಳಾಗಿ ಹಂಚುತ್ತವೆ. ತೋಡಿಯ ಗಾಂಧಾರ ತನ್ನ ಮನೆಯಲ್ಲಿ ನಿಲ್ಲುವುದಕ್ಕಿಂತ ಅಕ್ಕಪಕ್ಕ ಓಡಾಡುವುದೇ ಹೆಚ್ಚು, ಹಾಗಾಗಿ ಆ ಹಂಚಿಕೆಯಲ್ಲಿ ರಾಗ ಕಳೆದೇಹೋಗುತ್ತದೆ. 10 ಸೆಂಟ್‌ಗೊಂದರಂತೆ (ಒಂದು ಸ್ಥಾಯಿಗೆ 1,200 ಸೆಂಟ್) 120 ಮನೆ ಮಾಡಿ. ಅದಕ್ಕೂ ಮೊದಲು ಗಾಯಕರ ಆಧಾರ ಷಡ್ಜ ಕಂಡುಹಿಡಿದು ಎಲ್ಲ ಶ್ರುತಿಯನ್ನೂ ಅದಕ್ಕೆ ಹೋಲಿಸಿ ಬರೆಯಿರಿ. ಷಡ್ಜವೇ ತಪ್ಪಿ ಪಂಚಮ ಹಿಡಿದರೆ ಮುಂದಿನದೆಲ್ಲ ವ್ಯರ್ಥ. ಶ್ರುತಿರೇಖೆಯನ್ನು ನಯ ಮಾಡುವಾಗಲೂ ಎಚ್ಚರ: ಸೆಕೆಂಡಿಗೆ 5 ಬಾರಿ ತೂಗುವ ಕಂಪಿತದ ಒಂದು ಸುತ್ತು 200 ಮಿಲಿಸೆಕೆಂಡ್. ಅಷ್ಟೇ ಅಗಲದ ಸರಾಸರಿ ತೆಗೆದರೆ ಕಂಪಿತ ಪೂರ್ತಿ ಅಳಿಸಿಹೋಗಿ ನೇರ ಗೆರೆ ಉಳಿಯುತ್ತದೆ.

ರಾಗ ಗುರುತಿಸುವ ಮಾದರಿಯಲ್ಲಿ ಶೇ. 95 ಸರಿ ಬಂದರೆ ಹಿಗ್ಗುವ ಮೊದಲು ಡೇಟಾ ಹೇಗೆ ಹಂಚಿದ್ದೀರಿ ನೋಡಿ. ಒಂದೇ ಕಛೇರಿಯ ತುಣುಕುಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಮಾದರಿ ರಾಗವನ್ನಲ್ಲ, ಆ ಗಾಯಕರನ್ನು, ಆ ತಂಬೂರಿಯನ್ನು, ಆ ಮೈಕನ್ನು ಗುರುತಿಸುತ್ತಿರುತ್ತದೆ. ಕಲಾವಿದರ ಪ್ರಕಾರ ಹಂಚಿ. ಅಂಕ ಇಳಿಯುತ್ತದೆ, ಇಳಿಯಲಿ. ಪಿಟೀಲು ಬಲ್ಲ ನಿಮ್ಮ ಕಿವಿ ನಿಜವಾಗಿ ಬೇಕಾಗುವುದು ಇಲ್ಲೇ, ಏಕೆಂದರೆ ತಪ್ಪಿದ ತುಣುಕುಗಳನ್ನು ಕೂತು ಕೇಳಿ ಕಾರಣ ಹೇಳಬಲ್ಲವರು ಕಡಿಮೆ.

ನಾದಬಿಂದು

ಮೇಲಿನ ಇಬ್ಬರ ಮಾತಿಗೂ ಸಂಯೋಜಕರ ಕಡೆಯಿಂದ ಸೇರಿಸುವುದಿದೆ. ಮೂರು ಕೆಲಸಕ್ಕೆ ಮೂರು ಬೇರೆ ಪ್ರಾಜೆಕ್ಟ್ ಹಿಡಿದರೆ ಒಂದೂ ಮುಗಿಯದು. ಒಂದು ಸಾಧನ ಕಟ್ಟಿ, ಅದರ ಕೋಡ್ ಉದ್ಯೋಗಕ್ಕೆ ತೋರಿಸಿ, ಅದರ ತಂತ್ರದ ಮೇಲೆ ಪ್ರಬಂಧ ಬರೆಯಿರಿ, ಅದರಲ್ಲೇ ಒಂದು ಕೃತಿ ರಚಿಸಿ. ಐಸಿಎಂಸಿ (ಅಂತರರಾಷ್ಟ್ರೀಯ ಕಂಪ್ಯೂಟರ್ ಸಂಗೀತ) ಸಮ್ಮೇಳನ 1974ರಿಂದ ನಡೆಯುತ್ತಿದೆ, ಪ್ರಬಂಧವನ್ನೂ ಕೃತಿಯನ್ನೂ ಆಹ್ವಾನಿಸುತ್ತದೆ. ಹೊಸ ವಾದ್ಯಗಳ ವಿನ್ಯಾಸಕ್ಕೆ ಮೀಸಲಾದ ನೈಮ್ ಸಮ್ಮೇಳನ ಕೂಡ ಹಾಗೆಯೇ.

ಕೃತಿ ಮುಗಿದ ದಿನವೇ ಪ್ರತಿ ಪದರವನ್ನೂ ಬೇರೆ ಬೇರೆಯಾಗಿ 24 ಬಿಟ್, 48,000 ಹರ್ಟ್ಸ್ ವೇವ್ ಫೈಲ್ ಆಗಿ ಉಳಿಸಿ. ಪ್ಲಗಿನ್, ಆಪರೇಟಿಂಗ್ ಸಿಸ್ಟಮ್ ಬದಲಾದರೆ ಪ್ಯಾಚ್ (ಕೃತಿಯ ಮೂಲ ಪ್ರೋಗ್ರಾಂ ಫೈಲ್) ತೆರೆಯದೇ ಹೋಗಬಹುದು. ಎಂಟು ಸ್ಪೀಕರಿನ ಕೃತಿಗೆ ಸ್ಟೀರಿಯೋ ಆವೃತ್ತಿಯನ್ನೂ ಪ್ರತ್ಯೇಕವಾಗಿ ಮಿಕ್ಸ್ ಮಾಡಿಡಿ.

ಪರವಾನಗಿ ವಿಷಯ ಮೊದಲೇ ತಿಳಿದುಕೊಳ್ಳಿ. ಸೂಪರ್‌ಕೊಲೈಡರ್‌ನದು ಜಿಪಿಎಲ್ (ಕೋಡ್ ಮುಕ್ತವಾಗಿಡಬೇಕೆಂಬ ಪರವಾನಗಿ), ಮೂಲ ಕೋಡ್ ಮುಚ್ಚಿದ ಉತ್ಪನ್ನದೊಳಗೆ ಸೇರಿಸಿ ಮಾರಲಾಗದು. ಅದರಲ್ಲಿ ರಚಿಸಿದ ಸಂಗೀತ ಮಾತ್ರ ಪೂರ್ತಿ ನಿಮ್ಮದೇ. ಅಂಥದ್ದೇ ಇನ್ನೊಂದು ಸಂಗೀತ ತಂತ್ರಾಂಶ ಪ್ಯೂರ್ ಡೇಟಾದ ಬಿಎಸ್‌ಡಿ ಪರವಾನಗಿಗೆ ಆ ನಿರ್ಬಂಧವಿಲ್ಲ. ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಉದ್ಯೋಗ ಪತ್ರ. ನೌಕರಿಯ ಅವಧಿಯಲ್ಲಿ ಬರೆದ ಕೋಡ್ ಎಲ್ಲ ಕಂಪನಿಯದೆಂಬ ಷರತ್ತು ಹಲವು ಪತ್ರಗಳಲ್ಲಿರುತ್ತದೆ. ಮೊದಲ ಸಾಲು ಬರೆಯುವ ಮುನ್ನವೇ ಎಚ್‌ಆರ್‌ನಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಸ್ವಂತ ಲ್ಯಾಪ್‌ಟಾಪಿನಲ್ಲೇ ಬರೆಯಿರಿ.

ಜಂಟಿಸ್ವರ

ತುಂಬಾ ಧನ್ಯವಾದ. ನಾದಬಿಂದು ಅವರು ಹೇಳಿದ ಆ ಒಂದು ಸಾಧನ ಯಾವುದಾದರೆ ಒಳ್ಳೆಯದು? ಗಣಿತ ಎಷ್ಟು ಬೇಕಾದೀತು?

ಬಫರ್64

ಮೀಟಿದ ತಂತಿಯ ಮಾದರಿ, ಕಾರ್ಪ್ಲಸ್–ಸ್ಟ್ರಾಂಗ್. ಒಂದು ಡಿಲೇ ಲೈನ್‌ಗೆ (ಸ್ಯಾಂಪಲ್‌ಗಳನ್ನು ಹಿಡಿದಿಟ್ಟು ತಡವಾಗಿ ಹೊರಬಿಡುವ ಸಾಲು) ಗದ್ದಲದ ಸ್ಯಾಂಪಲ್‌ಗಳನ್ನು ತುಂಬಿ, ಪ್ರತಿ ಸುತ್ತಿನಲ್ಲೂ ಪಕ್ಕದ ಎರಡು ಸ್ಯಾಂಪಲ್‌ಗಳ ಸರಾಸರಿಯನ್ನು ಮತ್ತೆ ಒಳಗೆ ಬಿಡುವುದು, ಅಷ್ಟೇ. ಮೊದಲು ಕಾಡುವುದು ಶ್ರುತಿ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 1,000 ಹರ್ಟ್ಸ್ ಸ್ವರಕ್ಕೆ ಒಂದು ಸುತ್ತು 48 ಸ್ಯಾಂಪಲ್ ಆಗಬೇಕು. ಸರಾಸರಿ ತೆಗೆಯುವುದೇ ಅರ್ಧ ಸ್ಯಾಂಪಲ್ ತಡ ಮಾಡುವುದರಿಂದ ಡಿಲೇ ಲೈನ್ 47.5 ಇರಬೇಕು. 47 ಇಟ್ಟರೆ 1,010.5 ಹರ್ಟ್ಸ್, ಅಂದರೆ 18 ಸೆಂಟ್ ಮೇಲೆ. ಪಿಟೀಲು ಹಿಡಿದ ಕಿವಿ ಇದನ್ನು ಒಪ್ಪುವುದಿಲ್ಲ. ಉಳಿದ ಅರ್ಧಕ್ಕೆ ಆಲ್‌ಪಾಸ್ ಫಿಲ್ಟರ್ (ನಾದದ ಮಟ್ಟ ಬದಲಿಸದೆ ತಡ ಮಾತ್ರ ಸೇರಿಸುವುದು) ಸೇರಿಸಿ. ಬೇಕಾದ ತಡ ಡಿ ಆದರೆ ಅದರ ಗುಣಾಂಕ ಸುಮಾರು (1−ಡಿ)/(1+ಡಿ), ಇಲ್ಲಿ 0.333. ಕಾಂಪ್ಲೆಕ್ಸ್ ಸಂಖ್ಯೆ, ಜಡ್ ಟ್ರಾನ್ಸ್‌ಫಾರ್ಮ್, ಎಫ್‌ಎಫ್‌ಟಿ ಇಷ್ಟು ಗೊತ್ತಿದ್ದರೆ ಈ ಸೂತ್ರ ಎಲ್ಲಿಂದ ಬಂತೆಂದು ನೀವೇ ಬಿಡಿಸಬಹುದು.

ಗಮಕ ಬೇಕೆಂದಾಗ ಆ ಉದ್ದವನ್ನು ನುಡಿಯುತ್ತಿರುವಾಗಲೇ ಬದಲಿಸಬೇಕಾಗುತ್ತದೆ. ಆಲ್‌ಪಾಸ್ ಆಗ ಕಿರುಗುಟ್ಟುತ್ತದೆ, ನಾಲ್ಕು ಬಿಂದುಗಳ ಲಗ್ರಾಂಜ್ ಇಂಟರ್‌ಪೊಲೇಶನ್‌ಗೆ (ಅಕ್ಕಪಕ್ಕದ ಸ್ಯಾಂಪಲ್‌ಗಳಿಂದ ನಡುವಿನ ಮೌಲ್ಯ ಅಂದಾಜಿಸುವ ವಿಧಾನ) ಬದಲಿಸಿ. ಆ ಬದಲಾವಣೆಗೆ ಮುಂಚೆ, ನಂತರ ಎರಡನ್ನೂ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳುತ್ತೇವೆ.