ಹೆಚ್ಚಾದ ಪ್ರೋಟೀನ್ ಎಲ್ಲಿಗೆ ಹೋಗುತ್ತದೆ? ಅನುಭವವಿದ್ದವರು ತಿಳಿಸಿ

ಕೇಳಿದವರು, ಮೈಸೂರು:
ವಯಸ್ಸು 27, ತೂಕ 68 ಕಿಲೋ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಟ್ರೇನರ್ ಹೇಳಿದಂತೆ ದಿನಕ್ಕೆ ಎಂಟು ಮೊಟ್ಟೆಯ ಬಿಳಿ, 300 ಗ್ರಾಂ ಕೋಳಿ ಮಾಂಸ, ಮೂರು ಸ್ಕೂಪ್ ವೇ ಪುಡಿ (ಹಾಲಿನ ಪ್ರೋಟೀನ್), ಜೊತೆಗೆ ಸ್ನಾಯುಬಲಕ್ಕೆಂದು ಕ್ರಿಯಾಟಿನ್ ಎಂಬ ಇನ್ನೊಂದು ಪುಡಿ. ಮನೆಯೂಟ ಸೇರಿದರೆ ಪ್ರೋಟೀನ್ 200 ಗ್ರಾಂ ಮುಟ್ಟುತ್ತದೆ. ಕಚೇರಿಯವರು ಮಾಡಿಸಿದ ತಪಾಸಣೆಯಲ್ಲಿ ರಕ್ತದ ಯೂರಿಯಾ 52 ಬಂದಿದೆ (ಮಿತಿ 40 ಎಂದು ಬರೆದಿದೆ), ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ ಸ್ನಾಯುವಿನ ತ್ಯಾಜ್ಯ) 1.4. ಮೂತ್ರದಲ್ಲಿ ನೊರೆಯೂ ಇದೆ. ಮಿಕ್ಕ ಪ್ರೋಟೀನ್ ಹಾಗೆಯೇ ಹೊರಗೆ ಹೋಗುತ್ತಿದೆ, ಚಿಂತೆ ಬೇಡ ಎನ್ನುತ್ತಾರೆ ಟ್ರೇನರ್. ಕಿಡ್ನಿ ಹಾಳಾಯಿತು ಎಂದು ಅಮ್ಮ ಡಬ್ಬವನ್ನೇ ಅಟ್ಟದ ಮೇಲೆ ಬಚ್ಚಿಟ್ಟಿದ್ದಾರೆ. ಯಾರನ್ನು ನಂಬಲಿ?

ದಾವಣಗೆರೆ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್:
ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ ತಮ್ಮಾ. ಡಬ್ಬ ಮಾತ್ರ ಎರಡು ವಾರ ಅಟ್ಟದ ಮೇಲೆಯೇ ಇರಲಿ.

ತಿಂದ ಪ್ರೋಟೀನ್ ಹಾಗೆಯೇ ಹೊರಗೆ ಹೋಗುವುದಿಲ್ಲ, ಜೀರ್ಣವಾಗಿ ಅಮೈನೋ ಆಮ್ಲಗಳೆಂಬ ಚೂರುಗಳಾಗುತ್ತದೆ. ಕೊಬ್ಬನ್ನು ಕೂಡಿಡಲು ಹೊಟ್ಟೆ, ತೊಡೆಗಳಿವೆ. ಸಕ್ಕರೆಗೂ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಒಂದಿಷ್ಟು ಜಾಗವಿದೆ. ಮಿಕ್ಕ ಅಮೈನೋ ಆಮ್ಲಕ್ಕೆ ಮಾತ್ರ ದೇಹದಲ್ಲಿ ಕಣಜವಿಲ್ಲ. ಲಿವರ್ ಅದರ ಸಾರಜನಕದ ಭಾಗವನ್ನು ಕಿತ್ತು ತೆಗೆಯುತ್ತದೆ. ಅದು ಅಮೋನಿಯಾ ಆಗಿ ಹೊರಬೀಳುತ್ತದೆ, ಮಿದುಳಿಗೆ ವಿಷ. ಆದ್ದರಿಂದ ಅಲ್ಲಿಯೇ ಅದನ್ನು ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ. ಲಿವರ್‌ನ ಈ ಯೂರಿಯಾ ಚಕ್ರವನ್ನು 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಎಂಬ ಇಬ್ಬರು ಸಂಶೋಧಕರು ಕಂಡುಹಿಡಿದರು. ಉಳಿದ ಇಂಗಾಲದ ಭಾಗ ಸಕ್ಕರೆಯಾಗುತ್ತದೆ ಅಥವಾ ಉರಿದು ಶಕ್ತಿಯಾಗುತ್ತದೆ. ಅದು ಉರಿಯುವಾಗ ನೀವು ತಿಂದ ಎಣ್ಣೆ, ತುಪ್ಪ ಉರಿಯುವ ಸರದಿಯೇ ಬರುವುದಿಲ್ಲ, ಸೊಂಟಕ್ಕೆ ಹೋಗಿ ಕೂರುತ್ತದೆ. ಪ್ರೋಟೀನ್ ತಿಂದರೆ ಬೊಜ್ಜು ಬರುವುದಿಲ್ಲ ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಇನ್ನೊಂದು ಲೆಕ್ಕ. ಪ್ರೋಟೀನ್‌ನ ತೂಕದಲ್ಲಿ ಸುಮಾರು ಶೇ 16 ಸಾರಜನಕ. 200 ಗ್ರಾಂಗೆ 32 ಗ್ರಾಂ. ಅದರ ಬಹುಪಾಲು ಯೂರಿಯಾ ಆದರೆ ದಿನಕ್ಕೆ ಹತ್ತಿರ ಹತ್ತಿರ 60 ಗ್ರಾಂ. ನಮ್ಮ ತಂದೆ ಭತ್ತದ ಗದ್ದೆಗೆ ಎರಚುತ್ತಿದ್ದ ಬಿಳಿ ಹರಳೂ ಇದೇ ವಸ್ತು. ಅಂಥದ್ದನ್ನು ದಿನಕ್ಕೊಂದು ಹಿಡಿ ನಿಮ್ಮ ಕಿಡ್ನಿ ನೀರಿನಲ್ಲಿ ಕರಗಿಸಿ ಸಾಗಿಸುತ್ತಿದೆ. 52 ಬಂದದ್ದು ಬರೀ ಊಟದಿಂದಲೇ ಇರಬಹುದು. ನೀರು ಕಡಿಮೆ ಕುಡಿದಿದ್ದರೂ ಏರುತ್ತದೆ.

ನೊರೆಯ ವಿಷಯ ಬೇರೆ. ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ನೀವು ತಿಂದ ಮೊಟ್ಟೆಯಲ್ಲ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್. ಕಿಡ್ನಿಯ ಜರಡಿ ಸಡಿಲವಾದಾಗ ಸೋರುತ್ತದೆ. ಧಾರೆ ಜೋರಾಗಿ ಬಿದ್ದರೂ ನೊರೆ ಬರುತ್ತದೆ, ಕಣ್ಣಳತೆಯಲ್ಲಿ ಹೇಳಲಾಗದು. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ.

ಹುಬ್ಬಳ್ಳಿ, ಎಂಟು ವರ್ಷದಿಂದ ಭಾರ ಎತ್ತುವವನು:
ನನಗೂ ಒಮ್ಮೆ ಕ್ರಿಯಾಟಿನಿನ್ 1.4 ಬಂದು ಎರಡು ರಾತ್ರಿ ನಿದ್ದೆಯಿರಲಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ "ಕ್ರಿಯಾಟಿನ್ ತಿನ್ನುತ್ತೀರಾ?" ಎಂದು. ಆ ಪುಡಿ ದೇಹದಲ್ಲಿ ಕ್ರಿಯಾಟಿನಿನ್ ಆಗಿಯೇ ಕೊನೆಗೊಳ್ಳುತ್ತದೆ. ಸ್ನಾಯು ಹೆಚ್ಚಿದ್ದರೂ, ಹಿಂದಿನ ರಾತ್ರಿ ಮಾಂಸ ತಿಂದಿದ್ದರೂ ಅಂಕಿ ಏರುತ್ತದೆ. ಕ್ರಿಯಾಟಿನ್ ನಿಲ್ಲಿಸಿ, ಪರೀಕ್ಷೆಯ ಹಿಂದಿನ ಎರಡು ದಿನ ಜಿಮ್ ಬಿಟ್ಟು ಮತ್ತೆ ಕೊಟ್ಟಾಗ 1.1. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯಿದೆ, ಅದು ಸ್ನಾಯುವಿನ ಗಾತ್ರಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ನಾನು ಈಗ ಕಿಲೋ ತೂಕಕ್ಕೆ 1.6 ಗ್ರಾಂ ತಿನ್ನುತ್ತೇನೆ. ಮೂರು ಗ್ರಾಂ ತಿನ್ನುತ್ತಿದ್ದಾಗಲೂ ತೋಳು ಇಷ್ಟೇ ಇತ್ತು.

ತುಮಕೂರಿನಿಂದ ಒಬ್ಬರು:
ಮೇಲಿನ ಇಬ್ಬರ ಮಾತು ಕಿಡ್ನಿ ಗಟ್ಟಿಯಿರುವವರಿಗೆ. ನಮ್ಮ ಅಪ್ಪನಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಸುಸ್ತು ಎಂದಾಗ ಯಾರೋ ಪ್ರೋಟೀನ್ ಪುಡಿ ಕೊಡಿ ಎಂದರು, ನಾವೂ ಹಾಲಿಗೆ ಕಲಸಿ ಕೊಟ್ಟೆವು. ಕಿಡ್ನಿ ಅದಾಗಲೇ ಅರ್ಧ ಸೋತಿತ್ತು, ನಮಗೆ ಗೊತ್ತಿರಲಿಲ್ಲ. ವಾಕರಿಕೆ ಶುರುವಾದ ಮೇಲೆ ಆಸ್ಪತ್ರೆಗೆ ಹೋದೆವು. ಅಲ್ಲಿ ಕಿಲೋಗೆ 0.8 ಗ್ರಾಂ ಮೀರಬೇಡಿ ಎಂದರು. ಅಂದಿನಿಂದ ಅಪ್ಪನ ಬಟ್ಟಲಿಗೆ ಬೇಳೆಯನ್ನು ಅಳತೆಯ ಸೌಟಿನಲ್ಲೇ ಬಡಿಸುತ್ತಿದ್ದೆ. ಎರಡು ವರ್ಷದ ನಂತರ ಡಯಾಲಿಸಿಸ್ ಶುರುವಾದಾಗ ಅದೇ ವೈದ್ಯರು "ಇನ್ನು ಮೊಟ್ಟೆ ಜಾಸ್ತಿ ಕೊಡಿ" ಎಂದರು! ಯಂತ್ರದಲ್ಲಿ ಅಮೈನೋ ಆಮ್ಲಗಳೂ ತೊಳೆದು ಹೋಗುತ್ತವಂತೆ. ಆದ್ದರಿಂದ ಮೊದಲು ಬಿಪಿ, ಸಕ್ಕರೆ, ಮೂತ್ರ ನೋಡಿಸಿಕೊಳ್ಳಿ. ಪುಡಿಯ ಮಾತು ಆಮೇಲೆ.

ಉಡುಪಿ:
ಹೊಟ್ಟೆಯುಬ್ಬರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ. ವೇ ಪುಡಿಯಲ್ಲಿ ಹಾಲಿನ ಸಕ್ಕರೆ ಉಳಿದಿರುತ್ತದೆ, ಒಗ್ಗದವರಿಗೆ ಗುಡುಗುಡು. ಕೋಳಿ, ಮೊಟ್ಟೆಯ ಗಡಿಬಿಡಿಯಲ್ಲಿ ಸೊಪ್ಪು ಬಿಟ್ಟು ನನಗೆ ಮಲಬದ್ಧತೆಯೂ ಆಗಿತ್ತು.

ಕೇಳಿದವರು, ಮೂರು ವಾರದ ನಂತರ:
ಎಲ್ಲರಿಗೂ ವಂದನೆ. ಕ್ರಿಯಾಟಿನ್, ವೇ ಎರಡನ್ನೂ ನಿಲ್ಲಿಸಿ, ಪ್ರೋಟೀನನ್ನು 110 ಗ್ರಾಂಗೆ ಇಳಿಸಿದೆ. ಯೂರಿಯಾ 33, ಕ್ರಿಯಾಟಿನಿನ್ 1.1. ಮೂತ್ರದಲ್ಲಿ ಆಲ್ಬುಮಿನ್ ಮಿತಿಯೊಳಗೇ ಇದೆ. ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ ಎಂದಿದ್ದಾರೆ ವೈದ್ಯರು. ಕೋಳಿ 150 ಗ್ರಾಂ, ಮೂರು ಇಡೀ ಮೊಟ್ಟೆ, ಮೊಸರು. ಉಳಿದದ್ದು ಅಮ್ಮನ ಹುರುಳಿ ಸಾರು, ಮುದ್ದೆ, ಕಡಲೆಕಾಯಿ. ಡಬ್ಬ ಇನ್ನೂ ಅಟ್ಟದ ಮೇಲೆಯೇ ಇದೆ. ಅರ್ಧ ಖಾಲಿ, ಅವಧಿ ಮುಗಿಯಲು ನಾಲ್ಕು ತಿಂಗಳಿದೆ. ಮೈಸೂರಿನಲ್ಲಿ ಯಾರಿಗಾದರೂ ಬೇಕೇ?